ಗ್ರಂಥಾಗ್ರವೂ ಗಿಟ್ ಎಂಬ ಉಪಕರಣವೂ: ಪಾಠಸಂಪಾದನೆಯಲ್ಲಿ ಬೆಲೆಯ ವಿಚಾರ

ಪ್ರಾಚೀನ ಹಸ್ತಪ್ರತಿಗಳ ಅಂತ್ಯದಲ್ಲಿ ಬರುವ ‘ಗ್ರಂಥಾಗ್ರ’ವು ವಿದ್ವಾಂಸರಿಗೆ ಸುಪರಿಚಿತವಾದುದು. ೩೨ ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸಿ ಕೃತಿಯ ಒಟ್ಟು ಪರಿಮಾಣವನ್ನು ಲಿಪಿಕಾರನು ಅಲ್ಲಿ ನಮೂದಿಸುತ್ತಿದ್ದನು. ಈ ಎಣಿಕೆಗೆ ಎರಡು ಪ್ರಯೋಜನಗಳಿದ್ದವು. ಲಿಪಿಕಾರನಿಗೆ ಸಲ್ಲತಕ್ಕ ಸಂಭಾವನೆಯನ್ನು ಅದರಿಂದ ನಿಶ್ಚಯಿಸಬಹುದಾಗಿತ್ತು. ಪ್ರತಿಯಲ್ಲಿ ಲೋಪವಾಗಲಿ ಪ್ರಕ್ಷೇಪವಾಗಲಿ ಉಂಟಾಗಿದ್ದರೆ ಅದೂ ಅದೇ ಸಂಖ್ಯೆಯಿಂದ ತಿಳಿದುಬರುತ್ತಿತ್ತು. ಬೆಲೆಯ ಅಳತೆಯೂ ಪಾಠಶುದ್ಧಿಯ ಅಳತೆಯೂ ಹೀಗೆ ಒಂದೇ ಆಗಿದ್ದವು. ಗಣಕಯಂತ್ರವು ಸಂಪಾದಕನ ಮೇಜನ್ನು ಸೇರಿದ ಮೇಲೆ ಇವೆರಡೂ ಬೇರ್ಪಟ್ಟಿವೆ. ಉಪಕರಣದ ಬೆಲೆಯನ್ನು ಅದರ ಪಟ್ಟಿ ಹೇಳುತ್ತದೆ. ಪಾಠಕ್ಕೆ ಅದರಿಂದಾಗುವ ಹಿತಾಹಿತವನ್ನು ಹೇಳುವುದಿಲ್ಲ.

ಬೆಳಗಾವಿಯಲ್ಲಿ ನೆಲಸಿ ಈ ಕಾರ್ಯಕ್ಕೆ ಹೊಸದಾಗಿ ತೊಡಗುವ ಒಬ್ಬ ಸಂಪಾದಕನನ್ನು ಕಲ್ಪಿಸಿಕೊಳ್ಳಬಹುದು. ಆತನ ಸುತ್ತಲೂ ಸಾಮಗ್ರಿಗೆ ಕೊರತೆಯಿಲ್ಲ. ಬೆಳಗಾವಿಯ ಕೋಟೆಯೊಳಗೆ ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ ಬಸದಿಯಿದೆ. ಅದಕ್ಕೆ ಸಂಬಂಧಿಸಿದ ೧೨೦೪ರ ಶಾಸನಗಳ ಕಲ್ಲುಗಳು ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಕೊಟ್ಟ ಪಾಠವೇ ಇಲ್ಲಿಯವರಿಗೆ ಆಧಾರ. ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಪಲಾಶಿಕೆ. ಕಾಕುಸ್ಥವರ್ಮನು ಶ್ರುತಕೀರ್ತಿ ಸೇನಾಪತಿಗಿತ್ತ ದತ್ತಿಯೂ, ಮೃಗೇಶವರ್ಮನು ಜಿನಾಲಯವನ್ನು ಮಾಡಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ಬಿಟ್ಟ ೩೩ ನಿವರ್ತನ ಭೂಮಿಯೂ ಅಲ್ಲಿಯ ತಾಮ್ರಪಟಗಳಿಂದಲೇ ತಿಳಿದುಬಂದಿವೆ. ಫ್ಲೀಟರು ೧೮೭೭ರಲ್ಲಿ ಇವನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಮುಂದಿನ ಗ್ರಂಥಗಳಲ್ಲಿ ಅರಸನ ಹೆಸರು ಒಮ್ಮೆ ‘ಕಾಕುಸ್ಥ’, ಒಮ್ಮೆ ‘ಕಾಕುತ್ಸ್ಥ’ ಎಂದು ಕಾಣುತ್ತದೆ. ಯಾವುದು ಪಟದ ಪಾಠ, ಯಾವುದು ವಿದ್ವಾಂಸರು ತಿದ್ದಿದ ರೂಪ ಎಂಬುದನ್ನು ಓದುಗನು ತಾನಾಗಿಯೇ ಹುಡುಕಬೇಕು. ತಿದ್ದುಪಡಿಯು ಮೌನವಾಗಿ ನಡೆಯುವುದೇ ಪಾಠಸಂಪಾದನೆಯ ದೊಡ್ಡ ವಿಪತ್ತು. ಅದನ್ನು ತಡೆಯುವ ಸಾಧನವೆಂದು ಕೇಳಿ ಈ ಹೊಸಬನು ‘ಗಿಟ್’ ಎಂಬ ಉಪಕರಣದ ಗುಣವನ್ನೂ ಬೆಲೆಯನ್ನೂ ವಿಚಾರಿಸತೊಡಗುತ್ತಾನೆ.

ಗಿಟ್ ತಂತ್ರಾಂಶ ರಚನೆಗೆಂದು ಹುಟ್ಟಿದ ಉಪಕರಣ. ಅನೇಕರು ಕೂಡಿ ಬರೆಯುವ ಪಠ್ಯದಲ್ಲಿ ಯಾರು, ಎಂದು, ಏನನ್ನು ಬದಲಿಸಿದರೆಂಬುದನ್ನು ಕಾಪಿಡುವುದು ಅದರ ಕೆಲಸ. ಅದರ ಪರಿಭಾಷೆಯು ಹಸ್ತಪ್ರತಿಶಾಸ್ತ್ರವನ್ನು ಬಲ್ಲವರಿಗೆ ಅಪರಿಚಿತವೆನಿಸದು. ಒಂದು ಹಂತದ ಪಠ್ಯವನ್ನು ಕರ್ತೃ, ಕಾಲ, ಕಾರಣಗಳೊಡನೆ ಒಪ್ಪಿಸುವ ‘ಕಮಿಟ್’ ನಮ್ಮ ಪುಷ್ಪಿಕೆಯನ್ನು ಹೋಲುತ್ತದೆ. ‘ಡಿಫ್’ ಎಂಬುದು ಪಾಠಭೇದಗಳ ಪಟ್ಟಿ. ‘ಬ್ರಾಂಚ್’ ಎಂಬುದು ಪ್ರತಿಗಳ ಶಾಖೆ. ಪ್ರತಿಯೊಂದು ಕಮಿಟ್ಟಿಗೂ ಅದರ ಒಳಪಠ್ಯದಿಂದಲೂ ಹಿಂದಿನ ಕಮಿಟ್ಟಿನಿಂದಲೂ ಗಣಿಸಿದ ೪೦ ಅಂಕಾಕ್ಷರಗಳ ಒಂದು ಗುರುತು ಇರುತ್ತದೆ. ಹಿಂದಿನ ಪಠ್ಯದಲ್ಲಿ ಒಂದು ಅನುಸ್ವಾರವನ್ನು ಬದಲಿಸಿದರೂ ಆ ಗುರುತೂ ಅದರ ಮುಂದಿನವೆಲ್ಲವೂ ಬೇರೆಯಾಗುತ್ತವೆ. ಗ್ರಂಥಾಗ್ರದ ಕಾರ್ಯವನ್ನೇ ಇದು ಇನ್ನಷ್ಟು ಸೂಕ್ಷ್ಮವಾಗಿ ಮಾಡುತ್ತದೆ. ಅಕ್ಷರಸಂಖ್ಯೆಯು ಸಮವಾಗಿದ್ದು ಪಾಠವು ಮಾತ್ರ ಬೇರೆಯಾದಲ್ಲಿ ಗ್ರಂಥಾಗ್ರವು ಸುಮ್ಮನಿರುತ್ತದೆ, ಈ ಗುರುತು ಸುಮ್ಮನಿರುವುದಿಲ್ಲ.

ಗಿಟ್ಟಿನ ಬೆಲೆ ಶೂನ್ಯ. ಆದರೆ ಬೆಲೆಯಿಲ್ಲದಿರುವುದೇ ಗುಣವೆಂದು ಭಾವಿಸುವವನು ಅದರ ಉತ್ಪತ್ತಿಯ ಇತಿಹಾಸವನ್ನು ತಿಳಿಯಬೇಕು. ಲಿನಕ್ಸ್ ಎಂಬ ಗಣಕವ್ಯವಸ್ಥೆಯನ್ನು ಬರೆಯುತ್ತಿದ್ದವರು ೨೦೦೨ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಉಪಕರಣವನ್ನು ಬಳಸುತ್ತಿದ್ದರು. ಅದನ್ನು ಅವರಿಗೆ ಉಚಿತವಾಗಿಯೇ ಕೊಡಲಾಗಿತ್ತು. ಹಾಗೆ ಪಡೆದವರು ಅದಕ್ಕೆ ಪ್ರತಿಸ್ಪರ್ಧಿಯಾದ ಉಪಕರಣದ ರಚನೆಯಲ್ಲಿ ತೊಡಗಬಾರದೆಂಬ ನಿಬಂಧನೆ ಮಾತ್ರ ಇತ್ತು. ವಿವಾದವೊಂದು ತಲೆದೋರಿ ೨೦೦೫ರಲ್ಲಿ ಒಡೆಯರು ಆ ಉಚಿತ ಅನುಮತಿಯನ್ನು ಹಿಂತೆಗೆದುಕೊಂಡರು. ಆಗ ಲೀನಸ್ ಟೋರ್ವಾಲ್ಡ್ಸ್ ಕೆಲವೇ ವಾರಗಳಲ್ಲಿ ಗಿಟ್ಟನ್ನು ರಚಿಸಿ ಸಾರ್ವಜನಿಕ ಅನುಮತಿಪತ್ರದಡಿ ಬಿಟ್ಟನು. ಬಿಟ್‌ಕೀಪರ್ ಸಹ ೨೦೧೬ರಲ್ಲಿ ಮುಕ್ತವಾಯಿತು. ಅಷ್ಟರಲ್ಲಿ ಜನರು ಅದನ್ನು ಬಿಟ್ಟಾಗಿತ್ತು. ಎರಡೂ ಉಚಿತವೇ ಆಗಿದ್ದವು. ಒಂದರ ಉಚಿತವು ಒಡೆಯನ ಪ್ರಸಾದ, ಇನ್ನೊಂದರದು ಬಳಸುವವನ ಹಕ್ಕು. ಬೆಲೆಯ ಪಟ್ಟಿಯಲ್ಲಿ ಎರಡೂ ಒಂದೇ ಸೊನ್ನೆಯಾಗಿ ಕಾಣುತ್ತವೆ.

ಹೊಸಬರು ಬಹುತೇಕ ಗೊಂದಲಕ್ಕೆ ಬೀಳುವ ಇನ್ನೊಂದು ಸ್ಥಳವಿದೆ. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್ಟಿನ ಭಂಡಾರಗಳನ್ನು ಇರಿಸಿಕೊಡುವ ಈ ತಾಣವು ೨೦೦೮ರಲ್ಲಿ ಆರಂಭವಾಗಿ ೨೦೧೮ರಲ್ಲಿ ೭೫೦ ಕೋಟಿ ಡಾಲರುಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ವಶವಾಯಿತು. ಅನ್ಯರಿಗೆ ಕಾಣದ ಖಾಸಗಿ ಭಂಡಾರಕ್ಕೆ ಅಲ್ಲಿ ಮೊದಲು ಹಣ ತೆರಬೇಕಾಗಿತ್ತು. ೨೦೧೯ರ ಜನವರಿಯಲ್ಲಿ ಮೂವರು ಸಹಕಾರಿಗಳವರೆಗೆ ಅದು ಉಚಿತವಾಯಿತು. ೨೦೨೦ರ ಏಪ್ರಿಲ್‌ನಲ್ಲಿ ಆ ಮಿತಿಯೂ ಹೋಗಿ, ಹೆಚ್ಚಿನ ಸೌಲಭ್ಯಗಳುಳ್ಳ ತಂಡದ ಶ್ರೇಣಿಯ ಬೆಲೆಯು ತಲೆಗೆ ತಿಂಗಳಿಗೆ ೯ ಡಾಲರುಗಳಿಂದ ೪ಕ್ಕೆ ಇಳಿಯಿತು. ಐವರು ಸಂಪಾದಕರ ಮಂಡಲಿಗೆ ವರ್ಷದ ವೆಚ್ಚ ೫೪೦ ಡಾಲರುಗಳಿಂದ ೨೪೦ಕ್ಕೆ ತಗ್ಗಿತೆಂದರ್ಥ. ಎರಡೇ ವರ್ಷಗಳಲ್ಲಿ ಇಷ್ಟು ಇಳಿದ ಬೆಲೆಯು ಇನ್ನೊಮ್ಮೆ ಏರಲಾರದೆಂದು ಹೇಳುವಂತಿಲ್ಲ. ಗೂಗಲ್ ಸಂಸ್ಥೆಯು ಇಂತಹದೇ ಸೇವೆಗಾಗಿ ನಡೆಸುತ್ತಿದ್ದ ಗೂಗಲ್ ಕೋಡ್ ಎಂಬ ತಾಣವು ೨೦೧೬ರ ಜನವರಿಯಲ್ಲಿ ಮುಚ್ಚಿಯೇ ಹೋಯಿತು.

ಪಠ್ಯಕ್ಕೆ ಬೇಕಾದ ಸ್ಥಳದ ದೃಷ್ಟಿಯಿಂದ ಸಂಪಾದಕನು ಹಣ ತೆರಬೇಕಾದ ಪ್ರಸಂಗವೇ ಇಲ್ಲ. ಧವಲಾ ಟೀಕೆಯ ಪರಿಮಾಣವು ೭೨,೦೦೦ ಗ್ರಂಥಗಳೆಂಬುದು ಪ್ರಸಿದ್ಧ. ಅಂದರೆ ೨೩,೦೪,೦೦೦ ಅಕ್ಷರಗಳು. ಯೂನಿಕೋಡಿನ ರೂಢಿಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. ಅಕ್ಷರಕ್ಕೆ ಸರಾಸರಿ ಎರಡು ಸಂಕೇತಗಳೆಂದು ಹಿಡಿದರೂ ಇಡೀ ಧವಲೆಯು ಸುಮಾರು ೧೪ ಮೆಗಾಬೈಟುಗಳಲ್ಲಿ ಅಡಕವಾಗುತ್ತದೆ. ಗಿಟ್‌ಹಬ್ ಒಂದೇ ಕಡತಕ್ಕೆ ೧೦೦ ಮೆಗಾಬೈಟುಗಳವರೆಗೆ ಎಡೆ ಕೊಡುತ್ತದೆ. ಓಲೆಗಳ ಛಾಯಾಚಿತ್ರಗಳಿಗೆ ಮಾತ್ರ ಇದು ಸಾಲದು. ಅವನ್ನು ಪ್ರತ್ಯೇಕವಾಗಿ ಇಡುವುದೇ ಯುಕ್ತ. ಹೀಗಿರುವಾಗ ನಿಜವಾದ ವೆಚ್ಚವು ಓದುವ ಕಣ್ಣಿನದು, ತಾಳೆ ನೋಡುವ ಕಾಲದ್ದು.

ಇನ್ನು ದೋಷಗಳ ವಿಚಾರ. ಗಿಟ್ ಪಠ್ಯವನ್ನು ಸಾಲುಸಾಲಾಗಿ ಹೋಲಿಸುತ್ತದೆ. ದೀರ್ಘವಾದ ಗದ್ಯವನ್ನು ಒಂದೇ ಸಾಲಾಗಿ ಬರೆದಿದ್ದರೆ ಒಂದು ಅಕ್ಷರದ ತಿದ್ದುಪಡಿಗೂ ಇಡೀ ಖಂಡವೇ ಬದಲಾದಂತೆ ತೋರಿಸುತ್ತದೆ. ಪದಶಃ ಹೋಲಿಸುವ ವಿಧಾನವುಂಟಾದರೂ, ಓಲೆಯ ಒಂದು ಪಂಕ್ತಿಗೆ ಕಡತದ ಒಂದು ಸಾಲು ಎಂಬ ನಿಯಮವನ್ನು ಮೊದಲಿನಿಂದಲೇ ಪಾಲಿಸುವುದು ಉತ್ತಮ. ಎರಡನೆಯದು ಲಿಪಿಸಂಕೇತದ ತೊಡಕು. ‘ಕೊ’ ಎಂಬಲ್ಲಿಯ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ; ಗಿಟ್ ಅಲ್ಲಿ ಪಾಠಭೇದವಿದೆಯೆನ್ನುತ್ತದೆ. ಇಡೀ ಪಠ್ಯವನ್ನು ಏಕರೂಪಕ್ಕೆ ತಾರದೆ ಕೆಲಸಕ್ಕಿಳಿದವನು ಸುಳ್ಳು ಪಾಠಾಂತರಗಳ ರಾಶಿಯಲ್ಲಿ ನಿಜವಾದುದನ್ನು ಕಳೆದುಕೊಳ್ಳುತ್ತಾನೆ. ಹಳೆಯ ನುಡಿ, ಬರಹ ಲಿಪಿಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸದೆ ಒಪ್ಪಿಸಿದರೆ ಭೇದಪಟ್ಟಿಯನ್ನು ಓದುವುದೇ ಅಶಕ್ಯ. ಕನ್ನಡದಲ್ಲಿ ಹೆಸರಿಟ್ಟ ಕಡತವನ್ನು ಗಿಟ್ ತಾನಾಗಿ ಅಂಕಿಗಳ ಸರಣಿಯಾಗಿ ತೋರಿಸುತ್ತದೆ; ಒಂದು ಸೂಚನೆಯಿಂದ ಅದನ್ನು ಸರಿಪಡಿಸಬಹುದಾದರೂ ಹೊಸಬನು ಅದನ್ನರಿಯದೆ ಬೆದರುವುದು ಸಹಜ. ಆಜ್ಞೆಗಳೆಲ್ಲವೂ ಇಂಗ್ಲಿಷಿನಲ್ಲಿವೆ.

ಯೂನಿಕೋಡನ್ನು ಹೀಗೆ ಆಕ್ಷೇಪಿಸುವಾಗಲೂ ಅದರ ಒಂದು ನಡವಳಿಕೆಯನ್ನು ಮೆಚ್ಚಬೇಕು. ಹಳಗನ್ನಡದ ‘ೞ’ಕಾರಕ್ಕೆ ಅಲ್ಲಿ ಪ್ರಮಾದದಿಂದ ‘ಫಾ’ ಎಂಬ ಹೆಸರು ಬಿದ್ದಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿದ್ದುದರಿಂದ ಅದನ್ನು ಹಾಗೆಯೇ ಉಳಿಸಿ, ಶುದ್ಧನಾಮವನ್ನು ಪರ್ಯಾಯವಾಗಿ ಪಕ್ಕದಲ್ಲಿ ನಮೂದಿಸಿದರು. ಅಪಪಾಠವನ್ನು ಅಳಿಸದೆ ಅಡಿಯಲ್ಲಿ ಶುದ್ಧಪಾಠವನ್ನು ಕೊಡುವ ಸಂಪಾದನಕ್ರಮವೇ ಇದು.

ಎಲ್ಲಕ್ಕಿಂತ ಗಂಭೀರವಾದ ದೋಷವು ಉಪಕರಣದ್ದೂ ಹೌದು, ಬಳಸುವವನದೂ ಹೌದು. ಗಿಟ್ ಕರ್ತೃವಿನ ಹೆಸರನ್ನು ಬರೆದವನು ಹೇಳಿದಂತೆಯೇ ನಂಬುತ್ತದೆ. ‘ಕಾಕುತ್ಸ್ಥ’ವನ್ನು ‘ಕಾಕುಸ್ಥ’ವೆಂದು ತಿದ್ದಿದ ದಿನವನ್ನು ಅದು ಮರೆಯದು, ಏಕೆ ತಿದ್ದಿತೆಂಬುದು ಸಂಪಾದಕನು ಬರೆದರಷ್ಟೇ ಉಂಟು. ‘ತಿದ್ದಲಾಗಿದೆ’ ಎಂಬ ಒಂದೇ ಮಾತಿನ ನೂರು ಟಿಪ್ಪಣಿಗಳಿದ್ದರೆ ಮೌನ ತಿದ್ದುಪಡಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ.

ಟಿಪ್ಪಣಿಯ ಪುಸ್ತಕವೇ ಸಾಕಲ್ಲವೆ ಎಂದು ಹಿರಿಯ ಪಂಡಿತರು ಕೇಳಬಹುದು. ಒಬ್ಬನೇ ಎರಡು ಮೂರು ಪ್ರತಿಗಳನ್ನು ಹಿಡಿದು ಸಂಪಾದಿಸುವಲ್ಲಿ ಅದು ಸಾಕು. ಕೈಗಳು ಅನೇಕವಾದಾಗ ಸಾಲದು. ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೀರಾಲಾಲ ಜೈನರು ೧೯೩೯ರಲ್ಲಿ ಹೊರತಂದಾಗ ಅವರ ಮುಂದಿದ್ದವು ಪ್ರತಿಯ ಪ್ರತಿಗಳು. ಮೂಡಬಿದಿರೆಯ ಓಲೆಗಳೊಡನೆ ತಾಳೆ ನೋಡುವ ಅವಕಾಶವು ಅನಂತರವಷ್ಟೇ ಒದಗಿತು. ನಡುವಿನ ಲಿಪಿಕಾರರಲ್ಲಿ ಯಾರ ಕೈಯಲ್ಲಿ ಯಾವ ಪಂಕ್ತಿ ಜಾರಿತೆಂಬುದಕ್ಕೆ ಲೆಕ್ಕವಿದ್ದಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು. ಗಿಟ್ ಕೊಡುವುದು ಆ ಲೆಕ್ಕವನ್ನು.

ಆದುದರಿಂದ ಉಪಕರಣವನ್ನು ಪರೀಕ್ಷಿಸುವವನು ಒಳಗೆ ಹೋಗಲು ಎಷ್ಟು ಕೊಡಬೇಕೆಂದು ಕೇಳುವುದಕ್ಕೆ ಮೊದಲು, ಹೊರಗೆ ಬರುವಾಗ ಏನನ್ನು ಬಿಟ್ಟುಬರಬೇಕೆಂದು ಕೇಳತಕ್ಕದ್ದು. ಈ ಪರೀಕ್ಷೆಯಲ್ಲಿ ಗಿಟ್ ತೇರ್ಗಡೆಯಾಗುತ್ತದೆ. ಪಡೆದವನ ಪೂರ್ಣಪ್ರತಿಯಲ್ಲಿ ಪಠ್ಯದೊಡನೆ ಅದರ ಚರಿತ್ರೆಯೂ ಇಡಿಯಾಗಿ ಇರುತ್ತದೆ. ಖಾನಾಪುರದ ಕಾಡಂಚಿನಲ್ಲಿ ಜಾಲಸಂಪರ್ಕವಿಲ್ಲದಿದ್ದರೂ ಹಲಸಿಯಲ್ಲಿ ಕುಳಿತು ಕೆಲಸ ಮಾಡಬಹುದು, ಬೆಳಗಾವಿಗೆ ಬಂದು ಕೂಡಿಸಬಹುದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದುದರಲ್ಲಿಯೂ ಇದೇ ವಿವೇಕವಿದೆ. ಗಿಟ್‌ಹಬ್ ಮೊದಲಾದ ತಾಣಗಳನ್ನು ಯಾತ್ರಿಕನು ಛತ್ರವನ್ನು ಬಳಸುವಂತೆ ಬಳಸಬಹುದು. ಶಾಸ್ತ್ರಭಂಡಾರವೆಂದು ನಂಬಿ ಅಲ್ಲಿಯೇ ಇಟ್ಟು ನಿಶ್ಚಿಂತರಾಗುವುದು ತರವಲ್ಲ. ಶ್ರುತಪಂಚಮಿಯಂದು ಓಲೆಗಳನ್ನು ಹೊರತೆಗೆದು ಒರೆಸಿ ಪೂಜಿಸುವ ಬಸದಿಗಳಲ್ಲಿ, ಅದೇ ದಿನ ಗಣಕದ ಭಂಡಾರವನ್ನೂ ಬೇರೊಂದು ಯಂತ್ರದಲ್ಲಿ ತೆರೆದು, ಗುರುತಿನ ಅಂಕಾಕ್ಷರಗಳು ತಾಳೆಯಾಗುವುವೇ ಎಂದು ನೋಡುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಯೋಗ್ಯ. ಅದಕ್ಕೆ ತಗಲುವ ವೆಚ್ಚ ಒಂದು ಗಂಟೆಯ ಕಾಲ ಮಾತ್ರ.