ಬಾಡಿಗೆ ಮನೆಯ ಬಚ್ಚಲಿಗೊಂದು ಹಿಡಿಕೆ

ಪೋಲಿಯೊದಿಂದ ಒಂದು ಕಾಲಿನ ಬಲ ಹೋದ ಶಿಕ್ಷಕಿಯೊಬ್ಬರಿಗೆ ಸಿಂದಗಿಯಲ್ಲಿ ಸರ್ಕಾರಿ ನೌಕರಿ ಸಿಕ್ಕಿತೆಂದು ಇಟ್ಟುಕೊಳ್ಳಿ. ನೇಮಕಾತಿಯಲ್ಲಿ ಅವರಿಗೆ ಮೀಸಲಾತಿ ಇದೆ. ಶಾಲೆಯ ಬಾಗಿಲಿಗೆ ಇಳಿಜಾರು ಇರಬೇಕೆಂಬ ನಿಯಮ ಇದೆ. ಬಸ್ ಪಾಸಿನಲ್ಲಿ ರಿಯಾಯಿತಿ ಇದೆ. ಸಂಜೆ ಅವರು ಮರಳುವ ಬಾಡಿಗೆ ಮನೆಯಲ್ಲಿ ಮಾತ್ರ ಇಂಥದ್ದು ಏನೂ ಇಲ್ಲ. ಬೀದಿಯಿಂದ ಗಟಾರ ದಾಟಲು ಹಾಸಿದ ಒಂದು ಫರಸಿ, ಅದರಾಚೆ ಮೂರು ಪಾವಟಿಗೆ, ಎತ್ತರದ ಹೊಸ್ತಿಲು, ಪಡಸಾಲೆಗಿಂತ ತಗ್ಗಿನಲ್ಲಿರುವ ಬಚ್ಚಲು, ಹಿತ್ತಲ ಮೂಲೆಯಲ್ಲಿ ಸಂಡಾಸ. ದಿನಕ್ಕೆ ಎಷ್ಟೋ ಸಲ ದಾಟಲೇಬೇಕಾದ ಈ ಅಡೆತಡೆಗಳ ಬಗ್ಗೆ ನಮ್ಮ ಕಾನೂನು ಹೆಚ್ಚುಕಡಿಮೆ ಏನೂ ಹೇಳುವುದಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಬಾಡಿಗೆ ಮನೆಯನ್ನು ಅಂಗವಿಕಲರಿಗೆ ಒಗ್ಗಿಸುವ ಕೆಲಸ ಮನೆ ಮಾಲಕರ ಮನಸ್ಸಿನ ಮೇಲೆಯೇ ನಿಂತಿದೆ. ಈ ರೂಢಿಯಲ್ಲಿ ಒಳ್ಳೆಯದಿದೆ. ಆದರೆ ಒಬ್ಬ ಮನುಷ್ಯನ ದೇಹದ ಅಗತ್ಯವನ್ನು ಅದರ ಮೇಲೆ ಬಿಡುವುದು ತಪ್ಪು ಎಂಬುದು ನನ್ನ ನಿಲುವು.

ಈ ಊರುಗಳಲ್ಲಿ ಬಾಡಿಗೆಗೆ ಇರುವವರು ವರ್ಗವಾಗಿ ಬಂದ ನೌಕರರಷ್ಟೇ ಅಲ್ಲ. ಮಕ್ಕಳ ಹೈಸ್ಕೂಲು, ಕಾಲೇಜಿಗಾಗಿ ಹೊಲವನ್ನು ಲಾವಣಿಗೆ ಕೊಟ್ಟು ಹಳ್ಳಿ ಬಿಟ್ಟವರಿದ್ದಾರೆ. ಲಕ್ವಾ ಹೊಡೆದ ತಂದೆಗೆ ದವಾಖಾನೆ ಹತ್ತಿರವಿರಲಿ ಎಂದು ತಾಲ್ಲೂಕು ಊರಿನಲ್ಲಿ ಎರಡು ಕೋಣೆ ಹಿಡಿದವರಿದ್ದಾರೆ. ದುಡಿಯಲು ಗೋವಾ, ಪುಣೆಯ ಕಡೆ ಹೋಗಿ, ಕಟ್ಟಡದ ಮೇಲಿಂದ ಬಿದ್ದು, ಬೆನ್ನುಹುರಿಯ ಪೆಟ್ಟಿನೊಂದಿಗೆ ಊರಿಗೆ ಮರಳುವವರ ಕಷ್ಟವೂ ಈ ಭಾಗಕ್ಕೆ ಹೊಸದಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತ್ತು. ಆಗ ಲೆಕ್ಕಕ್ಕೆ ಹಿಡಿದ ವೈಕಲ್ಯಗಳ ಪಟ್ಟಿ ಚಿಕ್ಕದು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿದೆ. ಮುಪ್ಪಿನಿಂದ ಮೊಣಕಾಲು ಸೋತ ಎಷ್ಟೋ ಅಜ್ಜ ಅಜ್ಜಿಯರು ಯಾವ ಪಟ್ಟಿಯಲ್ಲೂ ಇಲ್ಲ. ಗೋಡೆಗೊಂದು ಹಿಡಿಕೆ ಅವರಿಗೂ ಬೇಕು.

ಮೊದಲು ಕಾಯ್ದೆಯನ್ನೇ ನೋಡೋಣ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದಕ್ಕೂ ಮುಂಚೆ, 2007ರಲ್ಲಿ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ಒಪ್ಪಿತ್ತು. ಕಾಯ್ದೆಯ 5ನೇ ಕಲಂ ಸಮುದಾಯದ ನಡುವೆ ಬದುಕುವ ಹಕ್ಕನ್ನು ಸಾರುತ್ತದೆ; ಇಂಥದೇ ಕಡೆ ಇರಬೇಕೆಂದು ಯಾರನ್ನೂ ಕಟ್ಟಿಹಾಕಬಾರದು ಎನ್ನುತ್ತದೆ. ಮಾತು ದೊಡ್ಡದು. ಆದರೆ ಕಟ್ಟಡಗಳ ವಿಷಯಕ್ಕೆ ಬಂದಾಗ ಕಾಯ್ದೆ ಕೈಹಾಕುವುದು ಸಾರ್ವಜನಿಕರು ಬಳಸುವ ಕಟ್ಟಡಗಳಿಗೆ: ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ, ಅಂಗಡಿ, ಟಾಕೀಸು. ಖಾಸಗಿಯವರ ಕಟ್ಟಡವಾದರೂ ಜನ ಬಂದುಹೋಗುವಂಥದ್ದಾದರೆ ನಿಯಮ ಅನ್ವಯಿಸುತ್ತದೆ. ಒಂದು ಕುಟುಂಬ ಇನ್ನೊಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟ ಮನೆ ಆ ವ್ಯಾಖ್ಯೆಯೊಳಗೆ ಸೇರುವುದಿಲ್ಲ. 37ನೇ ಕಲಂ ವಸತಿ ಯೋಜನೆಗಳ ಹಂಚಿಕೆಯಲ್ಲಿ ಶೇ. 5ರ ಮೀಸಲಾತಿ ಕೊಡುತ್ತದೆ. ಅದು ಮನೆ ಪಡೆಯುವವರಿಗೆ; ಬೇರೆಯವರ ಮನೆಯಲ್ಲಿ ಬಾಡಿಗೆಗಿರುವವರಿಗೆ ಅದರಿಂದ ಏನೂ ಸಿಗದು.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಈ ಕಾಯ್ದೆಯ ಇತಿಹಾಸದಲ್ಲಿ ತುಂಬ ಮಹತ್ವದ್ದು. ಸುಗಮ್ಯತೆಯ ಮಾನದಂಡಗಳನ್ನು ಕೇವಲ ಸಲಹೆಯ ರೂಪದಲ್ಲಿ ಬಿಟ್ಟಿದ್ದ 2017ರ ನಿಯಮಾವಳಿಯ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ಕೋರ್ಟು ಹೇಳಿತು. ಯಾರೂ ತಪ್ಪಿಸಿಕೊಳ್ಳಲಾಗದ ಕನಿಷ್ಠ ನಿಯಮಗಳನ್ನು ಬೇರೆಯಾಗಿ ಗುರುತಿಸಿ, ಮೂರು ತಿಂಗಳೊಳಗೆ ಕಡ್ಡಾಯ ಮಾಡಿ ಎಂದು ಕೇಂದ್ರಕ್ಕೆ ಸೂಚಿಸಿತು. ಈ ಕನಿಷ್ಠದ ಕಲ್ಪನೆ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಬಾಡಿಗೆ ಮನೆಯ ಮಟ್ಟಿಗೆ ಆ ಕನಿಷ್ಠ ಯಾವುದು ಎಂದು ಇನ್ನೂ ಯಾರೂ ಗಟ್ಟಿಯಾಗಿ ಕೇಳಿಲ್ಲ.

ಕೇಳಿದರೆ ಮೊದಲು ಬರುವ ಉತ್ತರ ರ್‍ಯಾಂಪು. ಸರ್ಕಾರಿ ಕಟ್ಟಡಗಳನ್ನು ನೋಡಿ ನೋಡಿ ನಮ್ಮ ಕಣ್ಣಿಗೆ ಸೌಲಭ್ಯವೆಂದರೆ ರ್‍ಯಾಂಪು ಎಂದೇ ಆಗಿಬಿಟ್ಟಿದೆ. ಲೆಕ್ಕ ಹಾಕಿ ನೋಡಿ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯ ಪ್ರಕಾರ ಒಂದು ಅಡಿ ಏರಲು ಇಳಿಜಾರು ಕನಿಷ್ಠ 12 ಅಡಿ ಉದ್ದವಿರಬೇಕು. ಈ ಭಾಗದ ಮನೆಗಳ ಕಟ್ಟೆ ಎರಡು ಅಡಿ ಇದ್ದರೆ 24 ಅಡಿ ಬೇಕು. ಓಣಿಯೇ ಅಷ್ಟು ಅಗಲವಿರುವುದಿಲ್ಲ. ಆದ್ದರಿಂದ ಗೌಂಡಿ ಏನು ಮಾಡುತ್ತಾನೆ? ಪಾವಟಿಗೆಯ ಮೇಲೆ ಸಿಮೆಂಟು ಸುರಿದು ನಾಲ್ಕೈದು ಅಡಿಯಲ್ಲಿ ಕೆಲಸ ಮುಗಿಸುತ್ತಾನೆ. ಹಾಗೆ ಮಾಡಿದ ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಒಬ್ಬರೇ ಏರಿಸಲಾಗದು. ಇಳಿಯುವಾಗ ಅದು ನೇರ ಗಟಾರಕ್ಕೆ ಹೋಗುತ್ತದೆ. ಊರುಗೋಲು ಹಿಡಿದವರಿಗಂತೂ ಕಡಿದಾದ ನುಣುಪು ಇಳಿಜಾರಿಗಿಂತ, ಒಂದೇ ಅಳತೆಯ ಪಾವಟಿಗೆ ಮತ್ತು ಪಕ್ಕದಲ್ಲೊಂದು ಕಬ್ಬಿಣದ ಕಂಬಿ ಎಷ್ಟೋ ವಾಸಿ. ಎತ್ತರದ ಪಾವಟಿಗೆಗಳ ನಡುವೆ ಅರ್ಧ ಎತ್ತರದ ಕಲ್ಲುಗಳನ್ನು ಸೇರಿಸಿದರೂ ಮೊಣಕಾಲಿನ ಭಾರ ಇಳಿಯುತ್ತದೆ.

ನಿಜವಾದ ಪರೀಕ್ಷೆ ನಡೆಯುವುದು ಬಚ್ಚಲು ಮತ್ತು ಸಂಡಾಸಿನಲ್ಲಿ. ಹೊರಗೆ ಹೋಗಲಾಗದಿದ್ದರೆ ಮನುಷ್ಯ ಮನೆಯಲ್ಲಿ ಉಳಿದಾನು. ಸಂಡಾಸಿಗೆ ಹೋಗಲಾಗದಿದ್ದರೆ ಊಟವನ್ನೇ ಕಡಿಮೆ ಮಾಡುತ್ತಾನೆ, ನೀರು ಕುಡಿಯುವುದನ್ನು ಬಿಡುತ್ತಾನೆ. ಸುಡುವ ಬೇಸಗೆಯ ಈ ಜಿಲ್ಲೆಯಲ್ಲಿ ಅದರಿಂದ ಮೂತ್ರದ ಸೋಂಕು, ಮೂತ್ರಪಿಂಡದ ತೊಂದರೆ ಬರುತ್ತವೆ. ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಬಾಡಿಗೆಗೆಂದೇ ಕಟ್ಟಿಸಿದ ಸಾಲುಮನೆಗಳ ಸಂಡಾಸು ಒಬ್ಬರು ಕುಕ್ಕರಗಾಲಿನಲ್ಲಿ ಕೂರುವಷ್ಟೇ ಅಗಲ. ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡಬಿದ್ದು, ಹೊರಗಿನವರು ಅದನ್ನು ಒಡೆದೇ ಎತ್ತಬೇಕಾಗುತ್ತದೆ. ಆ ಬಾಗಿಲನ್ನು ಕಳಚಿ ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸುವುದು ಬಡಿಗನಿಗೆ ಅರ್ಧ ದಿನದ ಕೆಲಸ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ಕಾಯುವ ಮಾರ್ಪಾಡು ಇನ್ನೊಂದಿಲ್ಲ.

ದೇಸಿ ಸಂಡಾಸನ್ನು ಒಡೆದು ಕಮೋಡು ಕೂರಿಸಲು ಮಾಲಕರು ಒಪ್ಪುವುದು ಅಪರೂಪ. ಒಪ್ಪಬೇಕಾಗಿಯೂ ಇಲ್ಲ. ನಡುವೆ ತೂತಿರುವ, ಕೈಗಳಿರುವ ಉಕ್ಕಿನ ಕಮೋಡ್ ಕುರ್ಚಿಯನ್ನು ಸಂಡಾಸಿನ ಮೇಲೆಯೇ ಇಟ್ಟರೆ ಕೆಲಸವಾಗುತ್ತದೆ. ಉಳಿದವರಿಗೆ ಬೇಕಾದಾಗ ತೆಗೆದಿಡಬಹುದು, ಮನೆ ಬಿಡುವಾಗ ಸಾಮಾನಿನ ಜೊತೆ ಒಯ್ಯಬಹುದು. ಪ್ಲಾಸ್ಟಿಕ್ ಕುರ್ಚಿಯ ನಡುವೆ ಕತ್ತರಿಸಿ ಇದೇ ಉಪಾಯ ಮಾಡುವ ಮನೆಗಳಿವೆ. ಅದು ಅಪಾಯ, ಒದ್ದೆ ನೆಲದಲ್ಲಿ ಅದರ ಕಾಲು ಸರಿಯುತ್ತದೆ. ಸಾಬೂನು ನೀರು ಬಿದ್ದ ಶಹಾಬಾದ ಫರಸಿ ಬಹಳ ಜಾರುತ್ತದೆ. ಉಳಿಯಿಂದ ಒತ್ತೊತ್ತಾಗಿ ಗೀರು ಹೊಡೆಸಿದರೆ ಹಿಡಿತ ಬರುತ್ತದೆ. ಕಲ್ಲಿಗೆ ಕೈಹಚ್ಚುವುದು ಬೇಡವೆಂದರೆ ರಬ್ಬರಿನ ತೂತು ಚಾಪೆ ಸಾಕು. ಇನ್ನು ಹಿಡಿಕೆ. ಅದು ಟವಲ್ ಹಾಕುವ ಕಂಬಿಯಲ್ಲ. ಬೀಳುವ ದೇಹದ ಪೂರ್ತಿ ತೂಕ ಒಂದು ಕ್ಷಣ ಅದರ ಮೇಲೆ ಬರುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಕಲ್ಲುಗೋಡೆಗೆ, ಪೊಳ್ಳು ಸಿಮೆಂಟ್ ಇಟ್ಟಿಗೆಯ ಹೊಸ ಗೋಡೆಗೆ ಸಣ್ಣ ಸ್ಕ್ರೂ ಹೊಡೆದು ಕೂರಿಸಿದರೆ ಕಿತ್ತು ಕೈಗೆ ಬರುತ್ತದೆ. ಅಂಥ ಕಡೆ ನೆಲಕ್ಕೆ ಊರುವ ಕಬ್ಬಿಣದ ಚೌಕಟ್ಟೇ ಸರಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಮಾಡಿಸಬಹುದು. ಅಧಿಕೃತ ಮಾರ್ಗಸೂಚಿಗಳು ದೊಡ್ಡ ಕಟ್ಟಡಗಳ ನಕ್ಷೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ಗಾಲಿಕುರ್ಚಿ ತಿರುಗಲು 1500 ಮಿಲಿಮೀಟರ್ ಜಾಗ ಕೇಳುತ್ತವೆ. ಸಾಲುಮನೆಯ ಬಚ್ಚಲಿಗೆ ಅವು ಏನನ್ನೂ ಹೇಳಿಕೊಡುವುದಿಲ್ಲ. 2015ರಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯ ಮನೆಯ ಶೌಚಾಲಯಗಳ ಸುಗಮ್ಯತೆಗೆ ತಂದ ಕೈಪಿಡಿ ಈ ವಿಷಯದಲ್ಲಿ ಹೆಚ್ಚು ಉಪಯುಕ್ತ.

ನಡೆಯಲಾಗದವರ ಮಾತೇ ಇಲ್ಲಿ ಹೆಚ್ಚಾಯಿತು. ಕಣ್ಣು ಕಾಣದವರಿಗೆ ಹಿಂಬಾಗಿಲಿನಿಂದ ಹಿತ್ತಲ ಸಂಡಾಸಿನವರೆಗೆ ಬಿಗಿದು ಕಟ್ಟಿದ ಒಂದು ಹಗ್ಗ, ಕಿವಿ ಕೇಳದವರಿಗೆ ಕರೆಗಂಟೆಯ ಜೊತೆ ಹೊತ್ತುವ ಒಂದು ದೀಪ ಸಾಕಾಗಬಹುದು. ಗೋಡೆ ಒಡೆಯುವ ಪ್ರಶ್ನೆಯೇ ಬರುವುದಿಲ್ಲ.

ಮಾಲಕರ ಕಡೆಯ ಮಾತನ್ನು ಹಗುರವಾಗಿ ನೋಡಬಾರದು. ಈ ಊರುಗಳಲ್ಲಿ ಬಾಡಿಗೆ ಕೊಡುವವರು ಬಹಳ ಸಲ ನಿವೃತ್ತರು, ವಿಧವೆಯರು. ಒಂದು ಮನೆಯ ಬಾಡಿಗೆಯಲ್ಲಿ ಔಷಧಿ ಖರ್ಚು ನಡೆಸುವವರು. “ಗ್ವಾಡಿಗಿ ತೂತ ಹೊಡಿಬ್ಯಾಡ್ರಿ” ಎನ್ನುವ ಅವರ ಮಾತಿನಲ್ಲಿ ಕ್ರೌರ್ಯವಿಲ್ಲ, ಹೆದರಿಕೆ ಇದೆ: ನಾಳೆ ಬರುವವರು ಈ ಕಂಬಿ ಕಂಡು ಬೇಡವೆಂದರೆ? ಇಷ್ಟೆಲ್ಲ ಮಾಡಿಸಿಕೊಂಡವರು ಮನೆಯನ್ನೇ ಬಿಡದಿದ್ದರೆ? ಹೊಸ್ತಿಲಿನ ವಿಷಯದಲ್ಲಿ ಭಕ್ತಿಯೂ ಸೇರುತ್ತದೆ. ದಿನಾ ತೊಳೆದು ಕುಂಕುಮ ಇಡುವ ಹೊಸ್ತಿಲನ್ನು ಕೊಯ್ಯಲು ಯಾರೂ ಒಪ್ಪರು. ಅದನ್ನು ಮುಟ್ಟದೆ ಎರಡೂ ಬದಿಗೆ ಕಟ್ಟಿಗೆಯ ಇಳಿಜಾರು ತುಂಡು ಇಟ್ಟರೆ ಇಬ್ಬರ ಮನಸ್ಸೂ ಉಳಿಯುತ್ತದೆ. ತಾವೇ ಗೌಂಡಿಯನ್ನು ಕರೆಸಿ ಪಾವಟಿಗೆ ಸರಿಮಾಡಿಸುವ, ಬಾಡಿಗೆಯಲ್ಲಿ ನೂರಿನ್ನೂರು ಬಿಡುವ ಮಾಲಕರೂ ನಮ್ಮಲ್ಲಿ ಇದ್ದಾರೆ. ಈ ಒಳ್ಳೆಯತನವನ್ನು ಯಾವ ಸರ್ಕಾರಿ ಆದೇಶವೂ ಹುಟ್ಟಿಸಲಾರದು. ಇನ್ನೊಂದು ಮುಖವೂ ಇದೆ. ಜಾತಿ ಕೇಳಿ ಮನೆ ಕೊಡುವ ಊರುಗಳಿವು. ಅದರ ಮೇಲೆ ಮನೆಯಲ್ಲಿ ಬುದ್ಧಿಮಾಂದ್ಯ ಮಗುವಿದೆ ಅಥವಾ ಮಾನಸಿಕ ಕಾಯಿಲೆಯವರಿದ್ದಾರೆ ಎಂದು ತಿಳಿದರೆ “ಮನಿ ಖಾಲಿ ಇಲ್ರಿ” ಎಂಬ ಉತ್ತರ ಬರುತ್ತದೆ. ಇದನ್ನು ಅನ್ಯಾಯ ಎಂದೇ ಕರೆಯಬೇಕು.

ಹೀಗಿರುವಾಗ ಬಾಡಿಗೆದಾರನ ಕೈಗೆ ಸಿಗುವ ಆಸರೆ ಅನಿರೀಕ್ಷಿತ ಜಾಗದಲ್ಲಿದೆ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಮಾಲಕರ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ಜೊತೆಗೇ, ಬಾಡಿಗೆದಾರ ತಾನು ಜೋಡಿಸಿದ್ದನ್ನು ಮನೆ ತನ್ನ ವಶದಲ್ಲಿರುವವರೆಗೆ ಕಳಚಿ ಒಯ್ಯಬಹುದು, ಮನೆಯನ್ನು ಪಡೆದ ಸ್ಥಿತಿಯಲ್ಲಿ ಬಿಟ್ಟರೆ ಸಾಕು ಎಂದೂ ಹೇಳುತ್ತದೆ. ಕಳಚಬಹುದಾದ ಹಿಡಿಕೆಗೆ, ಚೌಕಟ್ಟಿಗೆ ಇಷ್ಟು ಸಾಕಿತ್ತು. ಆದರೆ ಈ ಕಲಂ ಅನ್ವಯಿಸುವುದು ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ. ತಹಶೀಲ್ದಾರ್ ಕಚೇರಿಯ ಹತ್ತಿರ ಸ್ಟಾಂಪ್ ಪೇಪರಿನ ಮೇಲೆ ಬರೆಸುವ ಹನ್ನೊಂದು ತಿಂಗಳ ಕರಾರಿನಲ್ಲಿ ‘ಮನೆಯಲ್ಲಿ ಯಾವುದೇ ಮಾರ್ಪಾಡು ಮಾಡಕೂಡದು’ ಎಂಬ ಸಾಲು ರೂಢಿಯಿಂದಲೇ ಬಂದುಬಿಡುತ್ತದೆ. ವರ್ಷಕ್ಕಿಂತ ಹೆಚ್ಚಿನ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಹನ್ನೊಂದೇ ತಿಂಗಳು. ಅಷ್ಟು ಸಣ್ಣ ಅವಧಿಗೆ ಯಾರು ತಾನೇ ಬಚ್ಚಲು ರಿಪೇರಿಗೆ ದುಡ್ಡು ಹಾಕುತ್ತಾರೆ? 2021ರ ಮಾದರಿ ಬಾಡಿಗೆ ಕಾಯ್ದೆ ಇದನ್ನು ಸಡಿಲಿಸುವ ಬದಲು ಬಿಗಿ ಮಾಡಿತು. ಲಿಖಿತ ಒಪ್ಪಿಗೆಯಿಲ್ಲದೆ ಕಟ್ಟಡದ ರಚನೆ ಬದಲಿಸುವುದು ಅದರಲ್ಲಿ ಮನೆ ಬಿಡಿಸಲು ಒಂದು ಕಾರಣ.

ಬೇರೆ ದೇಶಗಳು ಈ ಗಂಟನ್ನು ಸರಳವಾಗಿ ಬಿಡಿಸಿವೆ. ಅಮೆರಿಕದಲ್ಲಿ ವಸತಿ ಕಾನೂನಿಗೆ 1988ರಲ್ಲಿ ಬಂದ ತಿದ್ದುಪಡಿಯ ನಂತರ, ಅಂಗವಿಕಲ ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಮಾಡಿಸಿಕೊಳ್ಳುವ ಸಮಂಜಸ ಮಾರ್ಪಾಡಿಗೆ ಮಾಲಕ ಒಪ್ಪಿಗೆ ನಿರಾಕರಿಸುವಂತಿಲ್ಲ. ಮನೆಯೊಳಗಿನ ಬದಲಾವಣೆಯನ್ನು ಬಿಡುವಾಗ ಸರಿಪಡಿಸಿಕೊಡಬೇಕೆಂದು ಆತ ಕೇಳಬಹುದು. ಜರ್ಮನಿಯ ಕಾನೂನು 2001ರಿಂದ ಇಂಥದೇ ಹಕ್ಕು ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಯ ಅನುದಾನ ಬಾಡಿಗೆ ಮನೆಗೂ ಸಿಗುತ್ತದೆ. ನಮ್ಮ ಸಣ್ಣ ಮಾಲಕರಿಗೆ ಅಮೆರಿಕದ ದಾರಿ ಹೊರೆಯಾಗದು. ನಮ್ಮ ಬಡ ಬಾಡಿಗೆದಾರರಿಗೆ ಮಾತ್ರ ಅದು ಸಾಲದು, ಏಕೆಂದರೆ ಖರ್ಚು ಅವರ ತಲೆಯ ಮೇಲೇ ಉಳಿಯುತ್ತದೆ.

ಆ ಖರ್ಚಿಗೆ ನಮ್ಮಲ್ಲಿ ಹಣವೇ ಇಲ್ಲವೆಂದಲ್ಲ. ಕರ್ನಾಟಕದ ಸ್ಥಳೀಯ ಸಂಸ್ಥೆಗಳು ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಆ ಹಣದ ಮಾತು ಬಂದಾಗ ಜನರ ನೆನಪಿಗೆ ಬರುವುದು ತ್ರಿಚಕ್ರ ಸೈಕಲ್ಲು, ಸ್ಕೂಟರು. ಅವೂ ಬೇಕು. ಆದರೆ ಒಂದು ಸ್ಕೂಟರಿನ ಬೆಲೆಯಲ್ಲಿ ಎಷ್ಟು ಮನೆಗಳಿಗೆ ಕಮೋಡ್ ಕುರ್ಚಿ, ಚೌಕಟ್ಟು, ಚಾಪೆ ಕೊಡಬಹುದೆಂದು ಲೆಕ್ಕ ಹಾಕಲಿ. ದೇವರಾಜ ಅರಸು ವಸತಿ ಯೋಜನೆಯಲ್ಲಿ ಅಂಗವಿಕಲರಿಗೆ ಜಾಗವಿದೆ, ಸ್ವಚ್ಛ ಭಾರತದ 12,000 ರೂಪಾಯಿಯ ಶೌಚಾಲಯ ಪ್ರೋತ್ಸಾಹಧನದಲ್ಲೂ ಇತ್ತು. ಎರಡಕ್ಕೂ ಮನೆ ಅಥವಾ ನಿವೇಶನ ತಮ್ಮದಾಗಿರಬೇಕು. ಕಳಚಿ ಒಯ್ಯಬಹುದಾದ ಸಾಧನಕ್ಕೆ ಆ ಷರತ್ತು ಅನಗತ್ಯ. ಅದು ಸೇರುವುದು ವ್ಯಕ್ತಿಗೆ, ಗೋಡೆಗಲ್ಲ. ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳ ನಗರ ಪುನರ್ವಸತಿ ಕಾರ್ಯಕರ್ತರು ಮನೆ ಮನೆ ಬಲ್ಲವರು, ಬಹಳ ಮಂದಿ ಸ್ವತಃ ಅಂಗವಿಕಲರು. ಅವರ ಕೆಲಸ ಬಹುಪಾಲು ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಮಾಸಾಶನದ ಅರ್ಜಿಗಳಲ್ಲೇ ಕಳೆಯುತ್ತದೆ. ಬಚ್ಚಲಿನ ಅಳತೆ ಹಿಡಿಯಲು, ಮಾಲಕರ ಜೊತೆ ಕೂತು ಮಾತಾಡಲು ಅವರಿಗಿಂತ ತಕ್ಕವರಿಲ್ಲ.

ಕಾನೂನು ತಿದ್ದುಪಡಿಗೆ ಕಾಯದೆ ಇವತ್ತೇ ಆಗಬಹುದಾದ್ದು ಕರಾರಿನ ಒಂದು ಸಾಲು: ‘ಬಾಡಿಗೆದಾರರು ತಮ್ಮ ಕುಟುಂಬದ ಅಂಗವಿಕಲ ಅಥವಾ ವಯೋವೃದ್ಧ ಸದಸ್ಯರಿಗಾಗಿ ಕಳಚಬಹುದಾದ ಹಿಡಿಕೆ, ಚೌಕಟ್ಟು, ಇಳಿಜಾರು ಹಲಗೆ ಜೋಡಿಸಿಕೊಳ್ಳಬಹುದು, ಸಂಡಾಸಿನ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸಬಹುದು, ಮನೆ ಬಿಡುವಾಗ ಗೋಡೆಯ ತೂತು ಮುಚ್ಚಿ, ಬಣ್ಣ ಬಳಿದು ಕೊಡತಕ್ಕದ್ದು.’ ಪತ್ರ ಬರೆಯುವವರು ಇದನ್ನು ತಮ್ಮ ನಮೂನೆಯಲ್ಲೇ ಸೇರಿಸಿಕೊಂಡರೆ ಪ್ರತಿ ಮನೆಯಲ್ಲೂ ಅಂಗಲಾಚುವುದು ತಪ್ಪುತ್ತದೆ. ತೂತು ಮುಚ್ಚಿಸಲು ಎಷ್ಟು ಹಿಡಿಯಬೇಕೆಂಬ ಡಿಪಾಜಿಟ್ಟಿನ ಜಗಳ ಆಮೇಲೂ ಉಳಿಯುತ್ತದೆ. ಅದಕ್ಕೆ ಮನೆ ಹಿಡಿಯುವ ದಿನವೇ ಬಚ್ಚಲಿನ ಗೋಡೆಯ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಬೇಕು, ತೂತಿಗಿಷ್ಟು ಎಂದು ಮೊತ್ತವನ್ನು ಕರಾರಿನಲ್ಲೇ ಬರೆಸಬೇಕು.