ಮೂರು ಪ್ರಾಣಗಳ ಆಟ

ಜೋ ಜಾನ್‌ಸ್ಟನ್ನರು 1995ರಲ್ಲಿ ನಿರ್ದೇಶಿಸಿದ ‘ಜುಮಾಂಜಿ’ ಚಲಚ್ಚಿತ್ರವನ್ನು ಬಾಲ್ಯದಲ್ಲಿ ಕಂಡವರು ಅದನ್ನು ಮರೆತಿರಲಾರರು. ಅದರಲ್ಲಿ ದಾಳವುರುಳಿದೊಡನೆ ಕಾಡೇ ಮನೆಯೊಳಕ್ಕೆ ನುಗ್ಗುವುದು. ತಂದೆಯೊಡನೆ ಮುನಿದ ಬಾಲಕ ಆಲನ್ ಆಟದೊಳಗೆ ಸಿಲುಕಿ 26 ವರ್ಷಗಳ ತರುವಾಯ ಹಿಂದಿರುಗುವಾಗ ತಾಯಿತಂದೆಗಳು ಗತಿಸಿರುವರು. ತಂದೆಯ ಪಾದರಕ್ಷೆಯ ಕಾರ್ಖಾನೆ ಹಾಳುಬಿದ್ದಿರುವುದು. ರಾಬಿನ್ ವಿಲಿಯಮ್ಸರ ಅಭಿನಯದಲ್ಲಿ ನಮ್ಮನ್ನು ಕಲಕಿದುದು ಸಿಂಹದ ಭಯವಲ್ಲ, ಕಳೆದುಹೋದ ಕಾಲದ ಭಯ.

ಜೇಕ್ ಕ್ಯಾಸ್ಡನ್ನರು 2017ರಲ್ಲಿ ತಂದ ಉತ್ತರಭಾಗವು ಈ ಕ್ರಮವನ್ನು ತಿರುವುಮುರುವು ಮಾಡಿದೆ. ಹಲಗೆಯ ಆಟವೀಗ ವಿಡಿಯೋ ಆಟ. ನಾಲ್ವರು ವಿದ್ಯಾರ್ಥಿಗಳೇ ಪರಕಾಯ ಪ್ರವೇಶಮಾಡಿ ಕಾಡನ್ನು ಸೇರುವರು. ಅಂಜುಕುಳಿ ಹುಡುಗನು ಡ್ವೇನ್ ಜಾನ್ಸನ್ನರ ದೇಹವನ್ನು ಪಡೆದು ತನ್ನ ತೋಳುಗಳಿಗೆ ತಾನೇ ಬೆರಗಾಗುವುದು ಉತ್ತಮವಾದ ಹಾಸ್ಯ. ಆದರೆ ಪ್ರತಿಯೊಬ್ಬರಿಗೂ 3 ಪ್ರಾಣಗಳುಂಟು. ಸತ್ತವನು ಮರುಕ್ಷಣವೇ ಆಕಾಶದಿಂದ ಇಳಿದು ಬರುವನಾದರೆ ಭಯಾನಕರಸಕ್ಕೆ ನೆಲೆಯೆಲ್ಲಿ?

ಒಂದು ಸನ್ನಿವೇಶ ಮಾತ್ರ ಈ ಆಕ್ಷೇಪಣೆಗೆ ಉತ್ತರ ಕೊಡುತ್ತದೆ. ತನ್ನ ರೂಪವನ್ನೇ ಧ್ಯಾನಿಸುತ್ತಿದ್ದ ಬೆಥನಿಯು, ಸಾಯುತ್ತಿರುವ ಅಲೆಕ್ಸನಿಗೆ ಉಸಿರೂಡಿ ತನ್ನದೊಂದು ಪ್ರಾಣವನ್ನು ಧಾರೆಯೆರೆಯುವಳು. ಎಣಿಕೆಯ ಪ್ರಾಣಕ್ಕೆ ಅಲ್ಲಿ ಬೆಲೆ ಬರುವುದು. ಚಿತ್ರವು ಈ ಎಳೆಯನ್ನೇ ಹಿಡಿದು ನಡೆದಿದ್ದರೆ ಪೂರ್ವಭಾಗಕ್ಕೆ ಸರಿದೊರೆಯಾಗುತ್ತಿತ್ತು. ಮಕ್ಕಳು ಇದನ್ನು ಕಂಡು ನಗಲಿ. ಮನೆಯ ಹಿರಿಯರು ಅವರಿಗೆ ಹಳೆಯದನ್ನೂ ತೋರಿಸಲಿ.