ದೀಪ ಮಂಕಾದರೆ ತಂತಿ ನೋಡಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ ಬಂದರಿನಲ್ಲಿ ಒತ್ತೊತ್ತಾಗಿ ನಿಂತ ಬೋಟುಗಳಿಗೆ ಬಲೆ, ಎಂಜಿನ್, ಬಣ್ಣದ ಉಪಚಾರವೆಲ್ಲ ನಡೆಯುವ ಕಾಲ. ದೀಪಗಳ ಸರದಿ ಬರುವುದು ಕೊನೆಗೆ. ಅದೂ ಹಳೆ ಬಲ್ಬು ಕಿತ್ತು ಹೊಸದು ಹಾಕುವಲ್ಲಿಗೆ ಮುಗಿದುಹೋಗುತ್ತದೆ.

ಬಲ್ಬು ಪಾಪದ್ದು. ನಿಜವಾದ ರೋಗ ಕಿಲುಬು. ಸೀಳಿದ ತಂತಿಯ ತುದಿಯಿಂದ ಉಪ್ಪುನೀರು ಎಳೆಗಳ ನಡುವೆ ಮೇಲೇರುತ್ತದೆ, ಹೊರಗಿನ ಪ್ಲಾಸ್ಟಿಕ್ ಹೊಸದರಂತೆಯೇ ಹೊಳೆಯುತ್ತಿರುತ್ತದೆ. ತುದಿ ಕತ್ತರಿಸಿ ನೋಡಿ. ಒಳಗೆ ಕಪ್ಪಾಗಿದ್ದರೆ, ಕೆಂಪು ತಾಮ್ರ ಕಾಣುವವರೆಗೂ ಕತ್ತರಿಸುತ್ತಲೇ ಹೋಗಿ. ಅಜ್ಜಿಯ ಹಂಡೆಗೆ ಕಲಾಯಿ ಹಾಕಿಸಿದಂತೆ ತವರ ಬಳಿದ ತಂತಿಯೂ ಸಿಗುತ್ತದೆ. ದುಬಾರಿ, ಆದರೆ ಸಮುದ್ರಕ್ಕೆ ಅದೇ ಸರಿ. ತಂತಿ ದೀಪದೊಳಗೆ ಹೋಗುವ ಮುನ್ನ ಕೆಳಗೊಮ್ಮೆ ಬಾಗಿ ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ಟೇಪು ಬೇಡ. ಬಿಸಿಲಿಗೆ ಅದರ ಅಂಟು ಕರಗಿ ಬಿಟ್ಟುಕೊಳ್ಳುತ್ತದೆ.

ಮಲ್ಟಿಮೀಟರ್ ಹಿಡಿಯುವವರೂ ಇಲ್ಲಿ ಮೋಸಹೋಗುತ್ತಾರೆ. ಬಲ್ಬು ತೆಗೆದು ಹೋಲ್ಡರಿಗೆ ಮೀಟರ್ ಹಚ್ಚಿದರೆ, ಕಿಲುಬು ಹಿಡಿದ ತಂತಿಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಕರೆಂಟೇ ಹರಿಯದಿದ್ದರೆ ನಷ್ಟವೆಲ್ಲಿಂದ ಬರಬೇಕು? ದೀಪ ಉರಿಯುವಾಗಲೇ ಅಳೆಯಿರಿ. ಬ್ಯಾಟರಿಗೂ ದೀಪಕ್ಕೂ ನಡುವಿನ ವ್ಯತ್ಯಾಸ ಶೇ 3ರೊಳಗಿರಬೇಕು. ತಂತುವಿನ ಬಲ್ಬಿಗೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಕುಸಿಯುತ್ತದೆ. ಎರಡು ಮೈಲಿ ದೂರಕ್ಕೆ ಕಾಣಬೇಕಾದ ದೀಪ ಅಷ್ಟು ಕುಸಿದರೆ ಎದುರಿನ ಹಡಗಿಗೆ ನೀವು ಕಾಣುವುದೇ ತಡವಾಗಿ.

ಈಗ ಎಲ್ಲರ ಬಾಯಲ್ಲೂ ಎಲ್‌ಇಡಿ. ಒಳ್ಳೆಯದೇ. 25 ವ್ಯಾಟಿನ ಬಲ್ಬಿನ ಕೆಲಸವನ್ನು ಎರಡು ಮೂರು ವ್ಯಾಟಿನಲ್ಲಿ ಮಾಡುತ್ತದೆ. ಆದರೆ ಹಳೆ ದೀಪದ ಬಣ್ಣದ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಸಿಕ್ಕಿಸಬೇಡಿ. ಎಡದ ಕೆಂಪು ಗುಲಾಬಿಯತ್ತ, ಬಲದ ಹಸಿರು ನೀಲಿಯತ್ತ ವಾಲುತ್ತದೆ. ಟ್ರಾಲ್ ಬಲೆ ಎಳೆಯುವ ಬೋಟು ಬಿಳಿಯ ಮೇಲೆ ಹಸಿರು ದೀಪ ತೋರಿಸಬೇಕೆಂಬುದು 1972ರ ಅಂತರರಾಷ್ಟ್ರೀಯ ನಿಯಮ. ಆ ಹಸಿರು ಹಸಿರಾಗಿಯೇ ಕಾಣಬೇಡವೇ?

ಇನ್ನೊಂದು ಪೀಡೆ ಕಣ್ಣಿಗೆ ಬೀಳದ್ದು. ಕೆಲವು ಎಲ್‌ಇಡಿಗಳ ಒಳಗಿನ ಸರ್ಕ್ಯೂಟು ವಿಎಚ್‌ಎಫ್ ರೇಡಿಯೊವನ್ನೇ ಕಿವುಡಾಗಿಸುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಪರೀಕ್ಷೆ ಸುಲಭ: ದೀಪಗಳನ್ನೆಲ್ಲ ಆರಿಸಿ, ಯಾರೂ ಮಾತಾಡದ ಚಾನೆಲ್ ಹಿಡಿದು, ಗೊರಗೊರ ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ಸ್ಕ್ವೆಲ್ಚ್ ತಿರುಗಿಸಿಡಿ. ಆಮೇಲೆ ಒಂದೊಂದೇ ದೀಪ ಹಾಕಿ. ಸದ್ದು ಮರಳಿದರೆ ಕಳ್ಳ ಸಿಕ್ಕ. ಶುರುಮಾಡುವುದಾದರೆ ಮಾಸ್ಟ್ ತುದಿಯ ದೀಪದಿಂದಲೇ ಮಾಡಿ, ಆಂಟೆನಾಗೆ ಅತಿ ಹತ್ತಿರದ ನೆರೆಯವನು ಅವನೇ.